ಅರಬ್ಬಿಯಲ್ಲಿ ‘ಹಿಂದಿ’ ಅಂತಿದ್ರೆ ಗಾಬರಿ ಬೇಡ

ಹೋದ ತಿಂಗಳು ಮತ್ತೆ ಅದೇ ಆಯ್ತು. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟ ಹುಡುಗಿಯೊಬ್ಬಳ ಸರ್ಟಿಫಿಕೇಟುಗಳನ್ನು ಜರ್ಮನ್‌ಗೆ ಅನುವಾದ ಮಾಡಿ, ಸೀಲ್ ಹಾಕಿ, ಕವರಿನಲ್ಲಿಟ್ಟು ಕೊಟ್ಟಿದ್ದೆವು. ರಾತ್ರಿ ಅವಳ ಅಪ್ಪ ಕನ್ನಡಕ ಹಾಕಿ ಕೂತು ಒಂದೊಂದೇ ಹಾಳೆ ನೋಡಿದ್ದಾರೆ, ಎಲ್ಲಾ ಕಡೆ ‘ಇಂಡಿಯೆನ್’ ಅಂತ ಕಂಡಿದೆ, ಟೈಪಿಂಗ್ ಮಿಸ್ಟೇಕ್ ಅಂದ್ಕೊಂಡು ನೀಲಿ ಬಾಲ್‌ಪೆನ್ನಿನಲ್ಲಿ ಕೊನೆಯ ಎರಡು ಅಕ್ಷರ ಹೊಡೆದು ಮೇಲೆ ಒಂದು ‘ಎ’ ಬರೆದು ಇಂಡಿಯಾ ಮಾಡಿದ್ದಾರೆ. ಹನ್ನೊಂದು ಕಡೆ. ಸೀಲ್ ಬಿದ್ದ ಹಾಳೆಯ ಮೇಲೆ ಪೆನ್ನು ತಾಗಿದ್ರೆ ಅದು ಮತ್ತೆ ಕೆಲಸಕ್ಕೆ ಬರುದಿಲ್ಲ, ಪೂರ್ತಿ ಸೆಟ್ ಹೊಸದಾಗಿ ಮಾಡ್ಬೇಕಾಯ್ತು.

ಅವರ ಮೇಲೆ ನಂಗೆ ಸಿಟ್ಟಿಲ್ಲ. ಮಗಳ ಕಾಗದ ಅಷ್ಟು ಜಾಗ್ರತೆಯಿಂದ ನೋಡುವ ಅಪ್ಪ ಎಷ್ಟು ಜನಕ್ಕೆ ಸಿಗ್ತಾರೆ. ಆದ್ರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೂತು ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೇನೆ, ವಾರಕ್ಕೊಬ್ರಾದ್ರೂ ಇದೇ ವಿಷಯಕ್ಕೆ ಬರ್ತಾರೆ, ಹಾಗಾಗಿ ಒಮ್ಮೆ ಬರೆದೇ ಬಿಡುವ ಅಂತ.

ವಿಷಯ ಇಷ್ಟೇ: ದೇಶದ ಹೆಸರು ಒಂದೊಂದು ಭಾಷೆಯಲ್ಲಿ ಒಂದೊಂದು. ಜರ್ಮನ್‌ನಲ್ಲಿ ನಮ್ಮ ದೇಶದ ಹೆಸರೇ ‘ಇಂಡಿಯೆನ್’, ಫ್ರೆಂಚರಿಗೆ ‘ಆಂದ್’, ತುರ್ಕರಿಗೆ ‘ಹಿಂದಿಸ್ತಾನ್’, ಅರಬರಿಗೆ ‘ಅಲ್ ಹಿಂದ್’. ಇದ್ರಲ್ಲಿ ಯಾವುದೂ ತಪ್ಪಲ್ಲ, ಯಾವುದೂ ‘ಇಂಡಿಯಾ’ದ ಹಾಳಾದ ಸ್ಪೆಲ್ಲಿಂಗೂ ಅಲ್ಲ. ವ್ಯಕ್ತಿಯ ಹೆಸರು ಬೇರೆ, ಅದು ಪಾಸ್‌ಪೋರ್ಟಿನಲ್ಲಿ ಹೇಗುಂಟೋ ಹಾಗೇ ಹೋಗ್ಬೇಕು. ದೇಶದ ಹೆಸರು ಹಾಗಲ್ಲ, ಯಾವ ಭಾಷೆಗೆ ಅನುವಾದ ಮಾಡ್ತೇವೋ ಆ ಭಾಷೆಯವರು ಎಂತ ಹೇಳ್ತಾರೋ ಅದನ್ನೇ ಬರೀಬೇಕು.

ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳ್ಬೇಕಾಗಿ ಬರುವುದೇ ನಂಗೆ ಆಶ್ಚರ್ಯ ಮಾರಾಯ್ರೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ಬಸ್‌ಸ್ಟ್ಯಾಂಡಿನಲ್ಲಿ ನಿಂತ್ರೆ ಹತ್ತು ನಿಮಿಷದಲ್ಲಿ ನಾಲ್ಕೂ ಕಿವಿಗೆ ಬೀಳ್ತದೆ, ಒಬ್ರೂ ಇನ್ನೊಬ್ರನ್ನು ತಿದ್ದುವುದಿಲ್ಲ. ಒಂದೇ ಊರಿಗೆ ನಾಲ್ಕು ಹೆಸರು ಇಟ್ಕೊಂಡು ಬದುಕುವವರಿಗೆ ‘ಇಂಡಿಯೆನ್’ ಯಾಕೆ ಸಂಶಯ ಬರ್ಬೇಕು?

ಎಲ್ಲಕ್ಕಿಂತ ಹೆಚ್ಚು ತಕರಾರು ಬರುವುದು ಗಲ್ಫಿಗೆ ಹೋಗುವವರ ಕಾಗದದಲ್ಲಿ. ಅರಬ್ಬಿಯಲ್ಲಿ ರಾಷ್ಟ್ರೀಯತೆಯ ಕಾಲಮ್ಮಿನಲ್ಲಿ ‘ಹಿಂದಿ’ ಅಂತ ಇರ್ತದೆ, ಹೆಂಗಸಾದ್ರೆ ‘ಹಿಂದಿಯ್ಯಾ’. ಮದರಸದಲ್ಲಿ ಅಕ್ಷರ ಕಲಿತ ನಮ್ಮ ಬ್ಯಾರಿ ಹುಡುಗರು ಅದನ್ನು ಸರಿಯಾಗಿ ಓದ್ತಾರೆ, ಓದಿದ ಕೂಡ್ಲೇ ಗಾಬರಿ. ಒಬ್ಬ ನೇರ ಆಫೀಸಿಗೇ ಬಂದ, “ಸರ್, ನಂಗೆ ಹಿಂದಿ ಸಮ ಮಾತಾಡ್ಲಿಕ್ಕೂ ಬರುದಿಲ್ಲ, ಇದ್ರಲ್ಲಿ ನೀವು ನನ್ನನ್ನು ಹಿಂದಿಯವ ಮಾಡಿದ್ದೀರಿ” ಅಂತ. ಕೂರಿಸಿ ಚಾ ತರಿಸಿ ಹೇಳಿದೆ: ಅಲ್ಲಿ ಹಿಂದಿ ಅಂದ್ರೆ ಭಾರತದವ ಅಂತ ಅಷ್ಟೆ, ಭಾಷೆಗೂ ಅದಕ್ಕೂ ಸಂಬಂಧ ಇಲ್ಲ. ಹುಣಸೆಹಣ್ಣಿಗೆ ಅರಬರು ‘ತಮ್ರ್ ಹಿಂದಿ’ ಅಂತಾರೆ, ಭಾರತದ ಖರ್ಜೂರ ಅಂತ ಅರ್ಥ, ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅದ್ರಿಂದಲೇ. ನಿನ್ನ ಅಮ್ಮ ಮೀನು ಸಾರಿಗೆ ಹಾಕುವ ಹುಳಿಯ ಇಂಗ್ಲಿಷ್ ಹೆಸರಿನಲ್ಲಿ ನಮ್ಮ ದೇಶದ ಹೆಸರುಂಟು ಅಂದೆ. ಆ ಹುಡುಗನ ಮುಖ ನೋಡ್ಬೇಕಿತ್ತು. ಅದನ್ನು ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಹೇಳಿದ.

ಹಿಂದ್, ಇಂಡಿಯಾ ಎರಡರ ಮೂಲವೂ ಸಿಂಧೂ ನದಿ. ಪರ್ಷಿಯಾದ ಕಡೆಯವರ ಬಾಯಲ್ಲಿ ಶುರುವಿನ ‘ಸ’ ಇದ್ದದ್ದು ‘ಹ’ ಆಯ್ತು, ಅಲ್ಲಿಂದ ಗ್ರೀಕರಿಗೆ ಹೋಗುವಾಗ ಆ ‘ಹ’ ಕೂಡ ಬಿದ್ದುಹೋಗಿ ‘ಇಂಡ್’ ಉಳೀತು. ಇದೇನು ವಿಚಿತ್ರ ಅಲ್ಲ. ಹಳಗನ್ನಡದ ‘ಪುಲಿ’ ನಮ್ಮ ಬಾಯಲ್ಲಿ ‘ಹುಲಿ’ ಆಗ್ಲಿಲ್ವಾ, ತುಳುವಿನಲ್ಲಿ ‘ಪಿಲಿ’ ಅಂತಲೇ ಉಳಿದು ಪಿಲಿಕುಳದ ಬೋರ್ಡಿನಲ್ಲಿ ಈಗಲೂ ಉಂಟಲ್ವಾ, ಹಾಗೇ.

ಕೆಲವರು ಕೇಳ್ತಾರೆ, ನಮ್ಮ ನಿಜವಾದ ಹೆಸರು ಭಾರತ, ಅದನ್ನೇ ಎಲ್ಲಾ ಭಾಷೆಯಲ್ಲೂ ಬರೀರಿ ಅಂತ. ಆ ಅಭಿಮಾನ ನಂಗೆ ಅರ್ಥ ಆಗ್ತದೆ. ಸಂವಿಧಾನದ 1ನೇ ವಿಧಿಯೂ ‘ಇಂಡಿಯಾ, ಅಂದರೆ ಭಾರತ’ ಅಂತ ಎರಡನ್ನೂ ಹೇಳ್ತದೆ. ಆದ್ರೆ ಅಲ್ಲಿಯ ಕೌಂಟರಿನಲ್ಲಿ ಕೂತ ಗುಮಾಸ್ತ ಹುಡುಕುವುದು ಅವನ ಭಾಷೆಯ ಹೆಸರನ್ನು, ಅದು ಕಾಣದಿದ್ರೆ ಫೈಲ್ ಬದಿಗೆ ಹೋಗ್ತದೆ.

ಇಲ್ಲಿ ಒಂದು ಮಾತು ಸೇರಿಸ್ಬೇಕು, ಯಾಕಂದ್ರೆ ಕೆಲವು ದೇಶಗಳು ತಮ್ಮ ಹೆಸರನ್ನು ಅನುವಾದ ಮಾಡಬೇಡಿ ಅಂತ ಸ್ವತಃ ಕೇಳಿಕೊಂಡಿದ್ದಾವೆ. ಗೇರುಬೀಜದ ಫ್ಯಾಕ್ಟರಿಯವರಿಗೆ ಇದು ಗೊತ್ತಿರ್ಬೇಕು. ನೀವು ‘ಐವರಿ ಕೋಸ್ಟ್ ಮಾಲು’ ಅಂತ ಹೇಳುವ ದೇಶ 1980ರ ದಶಕದಿಂದ ಎಲ್ಲಾ ಭಾಷೆಯಲ್ಲೂ ‘ಕೋತ್ ದಿವ್ವಾರ್’ ಅಂತಲೇ ಬಳಸಿ ಅಂತ ಹೇಳ್ತಾ ಬಂದಿದೆ. ಒಂದು ಕಾಗದದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇದ್ರೆ ಬ್ಯಾಂಕಿನವರು ಇವೆರಡು ಒಂದೇ ದೇಶವಾ ಅಂತ ಕೇಳಿಯೇ ಕೇಳ್ತಾರೆ. ಟರ್ಕಿ ಕೂಡ 2022ರಲ್ಲಿ ವಿಶ್ವಸಂಸ್ಥೆಯಲ್ಲಿ ‘ತುರ್ಕಿಯೆ’ ಅಂತ ಮಾಡಿಸಿಕೊಂಡಿತು. ಹಾಗಾಗಿ ನಾನು ಹೇಳಿದ್ದು ಎಲ್ಲದಕ್ಕೂ ಕಣ್ಮುಚ್ಚಿ ಅನ್ವಯ ಆಗ್ತದೆ ಅಂತ ತಿಳ್ಕೋಬೇಡಿ, ಕಾಗದ ತಗೊಳ್ಳುವ ಆಫೀಸಿನ ನಿಯಮವನ್ನು ಮೊದ್ಲು ಕೇಳಿ. ಊರಿನ ಹೆಸರು ಮಾತ್ರ ಮೂಲದಲ್ಲಿ ಇದ್ದ ಹಾಗೇ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಮಂಗಳೂರು ಆಯ್ತು ಸರಿ, ಆದ್ರೆ ನಿಮ್ಮ 1992ರ ಬರ್ತ್ ಸರ್ಟಿಫಿಕೇಟಿನಲ್ಲಿ ‘ಮ್ಯಾಂಗಲೋರ್’ ಉಂಟಾದ್ರೆ ನಾನು ಅದನ್ನೇ ಬರಿಯುವುದು.

ಆ ನರ್ಸ್ ಹುಡುಗಿಯ ಅಪ್ಪ ಹೊಸ ಸೆಟ್ ತಗೊಳ್ಳಲಿಕ್ಕೆ ಬಂದಾಗ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಜರ್ಮನಿಯವರು ಅವರ ದೇಶಕ್ಕೆ ಎಂತ ಹೇಳ್ತಾರೆ?” ಅಂದ್ರು. ‘ಡಾಯ್ಚ್‌ಲಾಂಡ್’ ಅಂದೆ, ಡಾಯ್ಚ್ ಅಂದ್ರೆ ಹಳೇ ಕಾಲದಲ್ಲಿ ಜನರದ್ದು, ಜನರ ಭಾಷೆಯದ್ದು ಅಂತ. ಫ್ರೆಂಚರು ಅಲೆಮನ್ನಿ ಅನ್ನುವ ಒಂದು ಬುಡಕಟ್ಟಿನ ಹೆಸರು ಹಿಡಿದು ‘ಅಲ್ಮಾಂಜ್’ ಅಂದ್ರು, ಫಿನ್ಲೆಂಡಿನವರು ಸ್ಯಾಕ್ಸನ್ನರ ಹೆಸರಿನಿಂದ ‘ಸಾಕ್ಸ’, ಪೋಲೆಂಡಿನವರು ‘ನ್ಯೆಮ್ತ್ಸಿ’, ಅಂದ್ರೆ ಮಾತು ಬಾರದವರು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವರು ಕವರ್ ತೆಗೆದು ಮೊದಲ ಹಾಳೆಯಲ್ಲಿ ‘ಇಂಡಿಯೆನ್’ ಇದ್ದಲ್ಲಿ ಬೆರಳಿಟ್ಟು ಮೆಲ್ಲ ಒಮ್ಮೆ ಓದಿದ್ರು. ಆಮೇಲೆ ಜೇಬಿನಿಂದ ಚೀಟಿ ತೆಗೆದು, “ಆ ಡಾಯ್ಚ್ ಎಂತದ್ದೋ ಹೇಳಿದ್ರಲ್ಲ, ಅದನ್ನು ಇದ್ರಲ್ಲಿ ಬರ್ದು ಕೊಡಿ, ಮಗಳಿಗೆ ಹೇಳ್ಬೇಕು” ಅಂದ್ರು.