ರೈಫಲ್ಲಿಗೆ ಒಂದು ಅಳತೆ, ಶಾಟ್‌ಗನ್ನಿಗೆ ಇನ್ನೊಂದು: ಬೇಟೆ ಬಂದೂಕಿನ ಗುಣ ಮತ್ತು ಬೆಲೆ ನೋಡುವ ಬಗೆ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹೊಸಬರು ಬೇಟೆಯ ಲೈಸೆನ್ಸ್ ಪಡೆಯಬೇಕಾದರೆ ಮೊದಲು ಸುರಕ್ಷತೆಯ ಕೋರ್ಸ್ ಮುಗಿಸಬೇಕು. ನಾನು ಅದನ್ನು ಮುಗಿಸಿಕೊಂಡು ಬಂದೂಕಿನ ಅಂಗಡಿಗೆ ಹೋದ ಮೊದಲ ದಿನ ತಲೆ ಕೆಟ್ಟುಹೋಯಿತು. ಗೋಡೆಯ ಮೇಲೆ 500 ಡಾಲರಿನ ರೈಫಲ್ ಒಂದು. ಅದರ ಪಕ್ಕದಲ್ಲೇ 2,500 ಡಾಲರಿನ ಶಾಟ್‌ಗನ್. ಎರಡೂ ಹೊಸವು, ಎರಡೂ ಒಳ್ಳೆಯವು ಅಂತ ಅಂಗಡಿಯವರು ಹೇಳಿದರು. ಹಾಗಾದರೆ ಆ 2,000 ಡಾಲರ್ ಎಲ್ಲಿ ಹೋಯಿತು? ಕೊಡಗಿನಲ್ಲಿ ಕೋವಿ ಇದ್ದ ಮನೆಯಲ್ಲೇ ಬೆಳೆದವನು ನಾನು. ಆದರೂ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ, ಕೈಯಲ್ಲಿ ಹಿಡಿದು ನೋಡಿ ಕಲಿತದ್ದನ್ನು ನನ್ನ ಹಾಗೆಯೇ ಹೊಸಬರಾದವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ನಳಿಕೆಯ ಒಳಗೆ ನೋಡಿ

ರೈಫಲ್ಲಿನ ನಳಿಕೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಒಂದೇ ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ತಿರುಗುವುದರಿಂದ ಬುಗುರಿಯ ಹಾಗೆ ಅಲುಗಾಡದೆ ನೇರವಾಗಿ ಸಾಗುತ್ತದೆ. ಶಾಟ್‌ಗನ್ನಿನ ನಳಿಕೆ ನುಣುಪು. ಅದರಿಂದ ಹೊರಡುವುದು ನೂರಾರು ಚರೆಗಳು, ಅಂದರೆ ಕಾಳಿನಂತಹ ಸಣ್ಣ ಗುಂಡುಗಳು, ಹೋಗ್ತಾ ಹೋಗ್ತಾ ಹರಡಿಕೊಳ್ಳುತ್ತವೆ. ಎಷ್ಟು ಹರಡಬೇಕು ಅನ್ನುವುದನ್ನು ನಳಿಕೆಯ ತುದಿಯಲ್ಲಿರುವ ಚೋಕ್, ಅಂದರೆ ಸಣ್ಣ ಬಿಗಿತ, ನಿರ್ಧರಿಸುತ್ತದೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದರೆ, ಫುಲ್ ಚೋಕ್ ಇರುವ ಬಂದೂಕು ಸುಮಾರು ನೂರಕ್ಕೆ 70 ಚರೆಗಳನ್ನು ಅದರೊಳಗೆ ಹಾಕುತ್ತದೆ. ಚೋಕ್ ಇಲ್ಲದ ನಳಿಕೆಯಾದರೆ ಸುಮಾರು 40.

12 ಬೋರ್ ಅನ್ನುವ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ನನಗೆ ಇದು ಬಹಳ ಕಾಲ ಉಲ್ಟಾ ಅನಿಸುತ್ತಿತ್ತು. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ, ಅದರಲ್ಲಿ ಒಂದು ಉಂಡೆ ಸರಿಯಾಗಿ ಹಿಡಿಯುವ ನಳಿಕೆ 12 ಬೋರ್. ಅದರ ಅಗಲ ಸುಮಾರು 18.5 ಮಿಲಿಮೀಟರ್. 20 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುತ್ತದೆ, ಆದ್ದರಿಂದ 20 ಬೋರ್ ಅಂದರೆ ಕಿರಿದು. .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ನೇರವಾಗಿ ಇಂಚಿನ ಅಳತೆ.

ಶೂಟಿಂಗ್ ಕಲಿಸುವವರು ಹೇಳುವ ಹಳೆಯ ಮಾತೊಂದಿದೆ. ರೈಫಲ್ಲಿನಲ್ಲಿ ಗುರಿ ಹಿಡಿಯಬೇಕು, ಶಾಟ್‌ಗನ್ನಿನಲ್ಲಿ ಬೆರಳು ತೋರಿಸಿದ ಹಾಗೆ ತೋರಿಸಬೇಕು. ನಿಂತ ಜಿಂಕೆಗೆ ಗುರಿ ಹಿಡಿಯಲು ಸಮಯ ಇದೆ. ಹಾರುವ ಬಾತುಕೋಳಿಗೆ ಇಲ್ಲ. ಎರಡರ ಬೆಲೆಯಲ್ಲಿ ಇಷ್ಟು ಅಂತರ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಈ ಮಾತಿನಲ್ಲೇ ಇದೆ.

ರೈಫಲ್: ನಿಖರತೆ ಅಗ್ಗವಾದ ಕತೆ

ರೈಫಲ್ಲಿನ ಗುಣವನ್ನು ಕಾಗದದ ಮೇಲೆ ಅಳೆಯಬಹುದು. 100 ಗಜದಲ್ಲಿ ಹೊಡೆದ ಗುಂಡುಗಳು ಎಷ್ಟು ಇಂಚಿನೊಳಗೆ ಬಿದ್ದವು ಅಂತ ನೋಡಿದರೆ ಆಯಿತು. 1 ಇಂಚಿನೊಳಗೆ ಬಿದ್ದರೆ ಬಹಳ ಒಳ್ಳೆಯ ಬೇಟೆ ರೈಫಲ್ ಅನ್ನುತ್ತಾರೆ. ದೂರ ಹೆಚ್ಚಿದಂತೆ ಈ ಅಂತರವೂ ಹಿಗ್ಗುತ್ತದೆ. 100 ಗಜದಲ್ಲಿ 2 ಇಂಚು ಹಿಡಿಯುವ ರೈಫಲ್ 300 ಗಜದಲ್ಲಿ 6 ಇಂಚು. ಜಿಂಕೆಯ ಹೃದಯ, ಶ್ವಾಸಕೋಶದ ಭಾಗ ಅದಕ್ಕಿಂತ ದೊಡ್ಡದು. ಅಂದರೆ ಜಿಂಕೆ ಬೇಟೆಗೆ 2 ಇಂಚಿನ ರೈಫಲ್ಲೂ ಸಾಕು, ತಪ್ಪು ಬಂದರೆ ಅದು ಹೊಡೆಯುವವನ ಹೆಗಲಿನಿಂದ, ಉಸಿರಿನಿಂದ.

ಒಂದು ಎಚ್ಚರಿಕೆ. ಮೂರು ಗುಂಡು ಹೊಡೆದು "ನೋಡಿ, ಅರ್ಧ ಇಂಚು" ಅಂತ ಫೋಟೋ ತೋರಿಸುವವರನ್ನು ಪೂರ್ತಿ ನಂಬಬೇಡಿ. ಮೂರು ಗುಂಡು ಅದೃಷ್ಟದಿಂದಲೂ ಹತ್ತಿರ ಬೀಳುತ್ತವೆ. ಐದು ಹೊಡೆದರೆ ಸ್ವಲ್ಪ ನಿಜ ಗೊತ್ತಾಗುತ್ತದೆ, ಹತ್ತು ಹೊಡೆದರೆ ಇನ್ನೂ ಜಾಸ್ತಿ.

ಈಗ ಬೆಲೆಯ ಕತೆ. ವಿಂಚೆಸ್ಟರ್ ಮಾಡೆಲ್ 70 ಬಂದದ್ದು 1936ರಲ್ಲಿ. ಅದರ ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಂಡ, ಜರ್ಮನಿಯ ಮೌಸರ್ 98 ರೈಫಲ್ಲಿನ ದಾರಿಯದು. ಬೋಲ್ಟಿನ ಪಕ್ಕದಲ್ಲಿ ಉದ್ದನೆಯ ಉಕ್ಕಿನ ಉಗುರು ಇರುತ್ತದೆ. ತೋಟಾ ಮ್ಯಾಗಜೀನಿನಿಂದ ಮೇಲೆ ಬಂದ ಕೂಡಲೇ ಆ ಉಗುರು ಅದರ ಅಂಚನ್ನು ಹಿಡಿದು, ಕೈ ಹಿಡಿದು ನಡೆಸಿದ ಹಾಗೆ ಒಳಗೆ ಕರೆದುಕೊಂಡು ಹೋಗುತ್ತದೆ. ಇದನ್ನು ಕಡೆಯಲು ಬಹಳ ಕೆಲಸ, ಬಹಳ ಖರ್ಚು. ಅತ್ತ ರೆಮಿಂಗ್ಟನ್‌ನವರು 1948ರಲ್ಲೇ 721, 722 ಅನ್ನುವ ಸರಳ ರೈಫಲ್‌ಗಳನ್ನು ತಂದಿದ್ದರು. ಅವುಗಳ ರಿಸೀವರ್, ಅಂದರೆ ಬೋಲ್ಟ್ ಓಡಾಡುವ ಒಡಲು, ದುಂಡನೆಯದು, ಯಂತ್ರದಲ್ಲಿ ಬೇಗ ಕಡೆಯಬಹುದು. ಉಗುರಿನ ಬದಲು ಬೋಲ್ಟ್ ತೋಟಾವನ್ನು ಸುಮ್ನೆ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. 1962ರಲ್ಲಿ ಅದೇ ವಂಶದ ಮಾಡೆಲ್ 700 ಬಂತು. ಮಾಡಲು ಅಗ್ಗ, ಹೊಡೆತ ಮಾತ್ರ ಕರಾರುವಾಕ್ಕು.

ವಿಂಚೆಸ್ಟರ್‌ಗೆ ತಡೆಯಲಾಗಲಿಲ್ಲ. 1964ರಲ್ಲಿ ಮಾಡೆಲ್ 70ರ ಉಗುರು ಹೋಯಿತು, ಕೈ ಜಾರದಿರಲಿ ಅಂತ ಮರದ ಹಿಡಿಯ ಮೇಲೆ ಕೈಯಿಂದ ಕೆತ್ತುತ್ತಿದ್ದ ಚೌಕಳಿ ಹೋಗಿ ಅಚ್ಚು ಒತ್ತಿದ ಚೌಕಳಿ ಬಂತು. ಗ್ರಾಹಕರು ಸಿಟ್ಟಾದರು. ಇವತ್ತಿಗೂ 1964ಕ್ಕೆ ಹಿಂದಿನ ಮಾಡೆಲ್ 70ಕ್ಕೆ ಬೇರೆಯದೇ ಬೆಲೆ. ಕೊನೆಗೆ ವಿಂಚೆಸ್ಟರ್‌ನವರೇ 1990ರ ದಶಕದಲ್ಲಿ ಉಗುರನ್ನು ವಾಪಸ್ ತಂದರು.

ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ಆಫ್ರಿಕಾದಲ್ಲಿ ಕಾಡೆಮ್ಮೆ ನುಗ್ಗಿ ಬರುವಾಗ ಆ ಉಗುರಿಗೆ ಬೆಲೆ ಇದೆ, ಗಾಬರಿಯಲ್ಲಿ ಬೋಲ್ಟನ್ನು ಅರ್ಧಂಬರ್ಧ ಎಳೆದರೂ ಎರಡು ತೋಟಾ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಕಡಿಮೆ. ಜಿಂಕೆಗೆ ಅದರ ಅಗತ್ಯವೇ ಇಲ್ಲ. ಹಳೆಯ ಮಾಡೆಲ್ 70ಕ್ಕೆ ಕೊಡುವ ಹೆಚ್ಚಿನ ಹಣ ಬಹುಪಾಲು ನೆನಪಿಗೆ ಕೊಡುವ ಹಣ. ಕೊಡಬಾರದು ಅಂತಲ್ಲ, ಗೊತ್ತಿದ್ದು ಕೊಡಿ.

ಅಗ್ಗದ ರೈಫಲ್ ಹೇಗೆ ನಿಖರವಾಗುತ್ತದೆ ಅನ್ನುವುದಕ್ಕೆ ಸ್ಯಾವೇಜ್ 110 ಒಳ್ಳೆಯ ಪಾಠ. 1958ರದ್ದು. ಸಾಮಾನ್ಯವಾಗಿ ನಳಿಕೆಯನ್ನು ರಿಸೀವರಿಗೆ ತಿರುಪಿ ಕೂರಿಸುವಾಗ ತೋಟಾ ಕೂರುವ ಜಾಗದ ಆಳ ಕೂದಲೆಳೆಯಷ್ಟೂ ತಪ್ಪಬಾರದು. ಅದಕ್ಕೆ ನುರಿತ ಕೈ ಬೇಕು. ಸ್ಯಾವೇಜ್‌ನವರು ನಳಿಕೆಗೆ ಒಂದು ನಟ್ ಹಾಕಿದರು. ಅಳತೆಯ ಗೇಜ್ ಒಳಗಿಟ್ಟು, ನಳಿಕೆಯನ್ನು ಅದಕ್ಕೆ ತಾಗುವವರೆಗೆ ತಿರುಗಿಸಿ, ನಟ್ ಬಿಗಿದರೆ ಮುಗಿಯಿತು. ನೋಡಲು ಕೊಳಾಯಿ ಕೆಲಸದ ಹಾಗಿದೆ, ನಿಜ. ಆದರೆ ನುರಿತ ಕೈ ಮಾಡುತ್ತಿದ್ದ ಕೆಲಸವನ್ನು ಒಂದು ನಟ್ ಮಾಡಿತು. ಇವತ್ತಿನ ರುಗರ್ ಅಮೆರಿಕನ್‌ನಂತಹ ರೈಫಲ್‌ಗಳೂ ಇದೇ ದಾರಿಯವು. ಪ್ಲಾಸ್ಟಿಕ್ ಹಿಡಿ ಕೈಗೆ ಪೊಳ್ಳು ಪೊಳ್ಳಾಗಿ ತಾಗುತ್ತದೆ, ಗುಂಡು ಮಾತ್ರ ಹೇಳಿದ ಜಾಗಕ್ಕೆ ಹೋಗುತ್ತದೆ.

ಇದು ಹೊಸ ಕಾಲದ ಕತೆಯೂ ಅಲ್ಲ. ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ ನೆನಪಿದೆಯಲ್ಲ. ರಿಗ್ಬಿ ಅಂದರೆ ಲಂಡನ್ನಿನ ದೊಡ್ಡ ಹೆಸರು. ಆದರೆ ಅದರ ಬೋಲ್ಟ್ ಮತ್ತು ರಿಸೀವರ್ ಜರ್ಮನಿಯ ಮೌಸರ್ ಕಾರ್ಖಾನೆಯವು. ರೈಫಲ್ಲಿನ ಜೀವ ಇರುವ ಭಾಗವನ್ನು ಯಂತ್ರವೇ ಚೆನ್ನಾಗಿ ಮಾಡುತ್ತದೆ ಅಂತ ಅಷ್ಟು ಹಿಂದೆಯೇ ಲಂಡನ್ನಿನವರಿಗೂ ಗೊತ್ತಿತ್ತು.

ಅದಕ್ಕೇ ರೈಫಲ್ ಕೊಳ್ಳುವಾಗ ಹಣವನ್ನೆಲ್ಲ ರೈಫಲ್ಲಿಗೇ ಸುರಿಯಬೇಡಿ. ಒಳ್ಳೆಯ ಸ್ಕೋಪಿಗೆ, ಅಂದರೆ ಮೇಲೆ ಕೂರಿಸುವ ದುರ್ಬೀನಿಗೆ, ಉಳಿಸಿ. ಮುಸ್ಸಂಜೆಯಲ್ಲಿ ಪ್ರಾಣಿ ಕಾಣದಿದ್ದರೆ ಎಂತಹ ನಳಿಕೆ ಇದ್ದೇನು? ತೋಟಾ ಊರಿನ ಅಂಗಡಿಯಲ್ಲಿ ಸಿಗುವಂತಹದ್ದಾಗಿರಲಿ. .30-06 ಬಂದು ನೂರು ವರ್ಷ ದಾಟಿದರೂ ಇನ್ನೂ ಎಲ್ಲೆಡೆ ಸಿಗುತ್ತದೆ.

ಶಾಟ್‌ಗನ್: ಎರಡನೇ ನಳಿಕೆಯ ಬೆಲೆ

ಶಾಟ್‌ಗನ್ನಿಗೆ ಹಿಂದಿನ ಸೈಟ್ ಇಲ್ಲ. ನಿಮ್ಮ ಕಣ್ಣೇ ಹಿಂದಿನ ಸೈಟ್. ಕೆನ್ನೆ ಹಿಡಿಯ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿಂದ ಬಂದೂಕು ನೋಡುತ್ತದೆ. ಹಿಡಿ ಉದ್ದವಾದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಎತ್ತರವಾದರೆ ಚರೆ ಮೇಲೆ ಹೋಗುತ್ತದೆ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದ ಹಾಗೆ ಹಿಡಿಯೂ ಮೈಗೆ ಕೂರಬೇಕು. ಪರೀಕ್ಷೆ ಸುಲಭ. ಬಂದೂಕು ಖಾಲಿ ಇದೆಯಾ ಅಂತ ತೆರೆದು, ಎರಡು ಸಲ ನೋಡಿ. ಯಾರೂ ಇಲ್ಲದ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆಯಿರಿ. ತುದಿಯ ಮಣಿ ನಳಿಕೆಯ ನಡುವಿನಲ್ಲಿ ಕಾಣಿಸಿದರೆ ಅದು ನಿಮ್ಮ ಬಂದೂಕು. ಕತ್ತು ಎಳೆದಾಡಿ ಹೊಂದಿಸಿಕೊಳ್ಳಬೇಕಾದರೆ ಅಲ್ಲ, ಎಷ್ಟೇ ಬೆಲೆಯದಾಗಿರಲಿ.

ಇನ್ನು 2,500 ಡಾಲರ್ ಪ್ರಶ್ನೆ. ಒಂಟಿ ನಳಿಕೆಯ ಪಂಪ್ ಶಾಟ್‌ಗನ್‌ಗಳು, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವವು, ಅಗ್ಗ. ರೆಮಿಂಗ್ಟನ್ 870 ಬಂದದ್ದು 1950ರಲ್ಲಿ, ಒಂದು ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದರ ರಿಸೀವರ್ ಉಕ್ಕು. ಮಾಸ್‌ಬರ್ಗ್ 500ರ ರಿಸೀವರ್ ಅಲ್ಯೂಮಿನಿಯಂ. ಇದನ್ನು ಕೇಳಿ ಹೆದರುವವರಿದ್ದಾರೆ. ಹೆದರಬೇಕಿಲ್ಲ, ಬೋಲ್ಟ್ ಬೀಗ ಹಾಕಿಕೊಳ್ಳುವುದು ನಳಿಕೆಯ ಉಕ್ಕಿಗೆ, ಸಿಡಿಯುವ ಒತ್ತಡವನ್ನು ಅದೇ ತಡೆದುಕೊಳ್ಳುತ್ತದೆ. ಮಾಸ್‌ಬರ್ಗ್‌ನ ಸೇಫ್ಟಿ ಹೆಬ್ಬೆರಳಿನ ಕೆಳಗೇ ಇರುವುದರಿಂದ ಎಡಚರಿಗೂ ಅನುಕೂಲ. ಎರಡರಲ್ಲಿ ಯಾವುದು ಕೊಂಡರೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಜೋಡಿ ನಳಿಕೆಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಎರಡು ನಳಿಕೆಗಳನ್ನು ಅಕ್ಕಪಕ್ಕ ಅಥವಾ ಮೇಲೆ ಕೆಳಗೆ ಬೆಸುಗೆ ಹಾಕಬೇಕು. ಎರಡೂ 40 ಗಜದಲ್ಲಿ ಒಂದೇ ಜಾಗಕ್ಕೆ ಹೊಡೆಯಬೇಕು. ಆಮೇಲೆ ಆ ನಳಿಕೆಗಳು ಹಿಂದಿನ ಉಕ್ಕಿನ ದಿಮ್ಮಿಗೆ ಬೆಳಕೂ ನುಸುಳದ ಹಾಗೆ ಕೂರಬೇಕು. ಯಂತ್ರ ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ, ಉಳಿದದ್ದು ಅರ ಹಿಡಿದ ಕೈಯ ಕೆಲಸ. ಬ್ರೌನಿಂಗ್‌ನವರ ಮೇಲೆ ಕೆಳಗೆ ನಳಿಕೆಯ ಸೂಪರ್‌ಪೋಸ್ಡ್ 1931ರಿಂದ ಬೆಲ್ಜಿಯಂನಲ್ಲಿ ತಯಾರಾಗುತ್ತಿತ್ತು. ಅಲ್ಲಿ ಕೂಲಿ ಏರಿದಂತೆ ಬಂದೂಕಿನ ಬೆಲೆಯೂ ಏರಿತು. 1973ರಲ್ಲಿ ಅವರು ಸರಳಗೊಳಿಸಿದ ಸಿಟೋರಿಯನ್ನು ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ಮಾಡಿಸಿದರು. ನಾನು ಅಂಗಡಿಯಲ್ಲಿ ನೋಡಿದ ಬಂದೂಕು ಇದೇ. ಲಂಡನ್ನಿನ ಪರ್ಡಿಯಂತಹ ಬಂದೂಕು ಕಂಪನಿಗಳಲ್ಲಿ ಕೈಕೆಲಸ ಹಾಗೇ ಉಳಿದಿದೆ, ಹೊಸ ಜೋಡಿ ನಳಿಕೆಗೆ ಲಕ್ಷ ಪೌಂಡ್ ಸುತ್ತಮುತ್ತ ಕೇಳುತ್ತಾರೆ. ಅಲ್ಲಿ ಕೆತ್ತನೆಯೂ ಸೇರಿದೆ, ಹೆಸರೂ ಸೇರಿದೆ.

ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಒಳ್ಳೆಯ ವ್ಯಾಪಾರ ಇರುವುದು ಬಾಕ್ಸ್‌ಲಾಕ್‌ಗಳಲ್ಲಿ, ಅಂದರೆ ಹೊಡೆತದ ಯಂತ್ರ ಒಡಲೊಳಗೇ ಇರುವ ಬಂದೂಕುಗಳಲ್ಲಿ. ಬರ್ಮಿಂಗ್‌ಹ್ಯಾಮಿನ ವೆಸ್ಟ್‌ಲಿ ರಿಚರ್ಡ್ಸ್‌ನಲ್ಲಿ ಆನ್ಸನ್ ಮತ್ತು ಡೀಲಿ 1875ರಲ್ಲಿ ಮಾಡಿದ ವಿನ್ಯಾಸ ಅದು. ಬಿಡಿಭಾಗ ಕಡಿಮೆ, ಗಟ್ಟಿ. ಸೈಡ್‌ಲಾಕ್‌ನಲ್ಲಿ ಆ ಯಂತ್ರ ಪಕ್ಕದ ತಗಡಿಗೆ ಅಂಟಿಕೊಂಡಿರುತ್ತದೆ. ನೋಡಲು ಚೆಂದ, ತಗಡಿನ ಮೇಲೆ ಹೂಬಳ್ಳಿ ಕೆತ್ತಲು ಜಾಗ ಜಾಸ್ತಿ. ಹಕ್ಕಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಲ್ವಾ?

ಹಳೆಯದನ್ನು ಕೈಗೆತ್ತಿಕೊಂಡಾಗ

ಬ್ರಿಟನ್ನಿನಲ್ಲಿ ಬಂದೂಕು ಮಾರಬೇಕಾದರೆ ಅದಕ್ಕೆ ಪ್ರೂಫ್ ಮುದ್ರೆ ಇರಲೇಬೇಕು. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದ್ದು. ಮಾಮೂಲಿಗಿಂತ ಬಲವಾದ ತೋಟಾ ಹೊಡೆದು, ನಳಿಕೆ ತಡೆದರೆ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಇಂತಹ ಸರ್ಕಾರಿ ಕಡ್ಡಾಯ ಇಲ್ಲ, ಕಂಪನಿಗಳೇ ಪರೀಕ್ಷೆ ಮಾಡಿಕೊಳ್ಳುತ್ತವೆ.

ಮುದ್ರೆ ಓದುವಾಗ ತೋಟಾ ಕೂರುವ ಗೂಡಿನ ಉದ್ದ ನೋಡಿ. ಹಳೆಯ ಇಂಗ್ಲಿಷ್ ಬಂದೂಕುಗಳು ಬಹಳಷ್ಟು ಎರಡೂವರೆ ಇಂಚಿನವು, ಇವತ್ತಿನ ಸಾಮಾನ್ಯ ತೋಟಾ ಎರಡೂ ಮುಕ್ಕಾಲು ಇಂಚು. ಹೊಡೆಯುವ ಮೊದಲು ಅದು ಒಳಗೆ ಕೂತೇ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ, ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಮಾಡಿದ ಡಮಾಸ್ಕಸ್ ನಳಿಕೆಗೆ ಇವತ್ತಿನ ಮದ್ದಿನ ತೋಟಾ ಹಾಕುವುದಂತೂ ಬೇಡ, ಅದಕ್ಕೆಂದೇ ಪ್ರೂಫ್ ಆಗಿದ್ದರೆ ಮಾತು ಬೇರೆ. ಇನ್ನೊಂದು: ಅಮೆರಿಕದಲ್ಲಿ 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆ ಎಲ್ಲೆಡೆ ನಿಷೇಧ. ಉಕ್ಕಿನ ಚರೆ ಹಳೆಯ ಬಿಗಿ ಚೋಕಿಗೆ ಒಳ್ಳೆಯದಲ್ಲ. ಅಜ್ಜನ ಕಾಲದ ಚೆಂದದ ಬಂದೂಕು ಬಾತುಕೋಳಿಗೆ ಉಪಯೋಗವಿಲ್ಲದೆ ಹೋಗುವುದು ಹೀಗೆ.

ತಿರುಪಿನ ತಲೆ ನೋಡಿ. ಗೀರು ಕಿತ್ತುಹೋಗಿದ್ದರೆ ಯಾರೋ ಮನೆಯ ಸ್ಕ್ರೂಡ್ರೈವರಿನಲ್ಲಿ ಕೈಯಾಡಿಸಿದ್ದಾರೆ. ಮುಂದಿನ ಮರದ ತುಂಡು ಕಳಚಿ, ನಳಿಕೆ ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಲಟಲಟ ಅಂದರೆ ರಿಪೇರಿಗೆ ದುಡ್ಡು ಎತ್ತಿಡಿ. ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟ. ಜೋಡಿ ನಳಿಕೆಯನ್ನು ಬಿಡಿಸಿ, ಕೊಕ್ಕೆಯಿಂದ ತೂಗುಬಿಟ್ಟು ಬೆರಳಗಂಟಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಬೆಸುಗೆ ಚೆನ್ನಾಗಿದೆ. ಡಬ್ ಅಂದರೆ ಎಲ್ಲೋ ಬಿಟ್ಟಿದೆ.

ಊರಿನ ಲೆಕ್ಕ ಬೇರೆ

ಇದನ್ನೆಲ್ಲ ನಮ್ಮಲ್ಲಿಗೆ ಹಾಗೇ ಒಯ್ಯಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಭಾರತದಲ್ಲಿ ಈಗ ಹವ್ಯಾಸದ ಬೇಟೆ ಇಲ್ಲ. ಇರುವುದು ಬೆಳೆ ರಕ್ಷಣೆಯ, ಆತ್ಮರಕ್ಷಣೆಯ ಲೈಸೆನ್ಸುಗಳು. ಕೊಡಗಿನಲ್ಲಿ ಕೊಡವರಿಗೆ, ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಆದೇಶದಂತೆ 2029ರವರೆಗೆ. ಸಾಮಾನ್ಯ ಜನರಿಗೆ ಹೊರದೇಶದ ಬಂದೂಕು ತರಿಸುವ ದಾರಿ ದಶಕಗಳ ಹಿಂದೆಯೇ ಮುಚ್ಚಿತು. ಅದಕ್ಕೇ ಬ್ರಿಟನ್ನಿನಲ್ಲಿ ಕೆಲವೇ ನೂರು ಪೌಂಡಿಗೆ ಸಿಗುವ ಮಾಮೂಲಿ ಬಾಕ್ಸ್‌ಲಾಕ್ ಇಲ್ಲಿ ಒಡವೆಯ ಹಾಗೆ ಕೈ ಬದಲಾಗುತ್ತದೆ. ಅದು ಗುಣದ ಬೆಲೆಯಲ್ಲ, ಸಿಗದಿರುವುದರ ಬೆಲೆ. ರೈಫಲ್ ಬೇಕಾದವರಿಗೆ ಬಹುಕಾಲ ಕಣ್ಣೆದುರು ಇದ್ದದ್ದು ಇಷಾಪುರ ಕಾರ್ಖಾನೆಯ .315. ಅದರ ತೋಟಾ ಹಳೆಯ ಆಸ್ಟ್ರಿಯಾದ ಮ್ಯಾನ್‌ಲಿಖರ್ ಸೇನಾ ರೈಫಲ್ಲಿನದು.

ಕಳೆದ ಸಲ ಕೈಲ್ ಮುಹೂರ್ತಕ್ಕೆ, ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಊರಿಗೆ ಹೋಗಿದ್ದೆ. ಮಾವನ ಮನೆಯ ಡಿಬಿಬಿಎಲ್, ಅಂದರೆ ಜೋಡಿ ನಳಿಕೆಯ ಕೋವಿಗೆ ತೋಕ್ ಪೂ, ಕೋವಿ ಹೂ, ಸಿಕ್ಕಿಸಿ ಇಟ್ಟಿದ್ದರು. ಪೂಜೆ ಆದಮೇಲೆ ಕೇಳಿದೆ.

"ಮಾವ, ನಳಿಕೆ ಒಮ್ಮೆ ಬಿಚ್ಚಿ ನೋಡಲಾ?"

"ನೋಡು ಮಾರಾಯ. ಆದರೆ ಆ ಚುಕ್ಕಿ ನನ್ನದಲ್ಲ. ಎಲೆಕ್ಷನ್ ಟೈಮಲ್ಲಿ ಠಾಣೆಗೆ ಕೊಟ್ಟಿದ್ದೆ, ಮಳೆಗಾಲ ಮುಗಿದು ವಾಪಸ್ ಬರುವಾಗ ಹೀಗಾಗಿತ್ತು."

ಬಲ ನಳಿಕೆಯ ಹೊರಗೆ ತುಕ್ಕಿನ ಮೂರು ಚುಕ್ಕಿ. ಒಳಗೆ ಕನ್ನಡಿ. ಬರ್ಮಿಂಗ್‌ಹ್ಯಾಮಿನ ಮುದ್ರೆ, ಎರಡೂವರೆ ಇಂಚಿನ ಗೂಡು. ಹಗ್ಗಕ್ಕೆ ತೂಗುಬಿಟ್ಟು ತಟ್ಟಿದೆ. ಅಡುಗೆಮನೆಯಿಂದ ಅತ್ತೆ ಇಣುಕಿ, ಪೂಜೆ ಮುಗಿದ ಮೇಲೂ ಯಾರಪ್ಪ ಗಂಟೆ ಬಾರಿಸ್ತಿರೋದು ಅಂದರು.