ಬಾಶೋ ಬರೆದದ್ದು ಹೈಕು ಅಲ್ಲ

ಹಳೆಯ ಕೊಳ, ಕಪ್ಪೆ ನೆಗೆಯಿತು, ನೀರಿನ ಸದ್ದು. ಜಪಾನಿನ ಪುಟ್ಟ ಪದ್ಯ ಹೈಕು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಇದೇ. ಕವಿ ಒಬ್ಬನೇ ಕೊಳದ ದಂಡೆಯಲ್ಲಿ ಕೂತು, ಮೌನದಲ್ಲಿ ಮುಳುಗಿ ಬರೆದ ಪದ್ಯ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಆದರೆ 1686ರಲ್ಲಿ ಎದೊ ಊರಿನಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಇದನ್ನು ಬರೆದ ಕವಿ ಬಾಶೋನ ಬಳಗ ಕಪ್ಪೆಯ ಮೇಲೆ 20 ಸುತ್ತಿನ ಪದ್ಯಪಂದ್ಯವನ್ನೇ ಕಟ್ಟಿತ್ತು. ಪ್ರತಿ ಸುತ್ತಿಗೂ ಎರಡು ಪದ್ಯ, ಎರಡು ಕಪ್ಪೆ. ಆ ಪಂದ್ಯದ ಪುಸ್ತಕದ ಮೊದಲ ಪದ್ಯ ಈ ಹಳೆಯ ಕೊಳದ್ದು. ಇನ್ನೊಂದು ವಿಷಯ: ಬಾಶೋ ಇದನ್ನು ಹೈಕು ಅಂತ ಕರೆದೂ ಇಲ್ಲ. ಆ ಹೆಸರು ಬಳಕೆಗೆ ಬಂದದ್ದು ಅವನು ಸತ್ತು 200 ವರ್ಷ ಆದಮೇಲೆ.

ಹಾಗಾದರೆ ಅವನು ಬರೆದದ್ದೇನು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಪಾನಿನ ಅತಿ ಹಳೆಯ ಕವಿತಾ ಸಂಗ್ರಹ ಮನ್‌ಯೋಶೂ. 8ನೇ ಶತಮಾನದ್ದು, ಸುಮಾರು 4,500 ಪದ್ಯ. ಆಗ ಜಪಾನಿ ಮಾತಿಗೆ ತನ್ನದೇ ಲಿಪಿ ಇರಲಿಲ್ಲ. ಚೀನೀ ಲಿಪಿಯನ್ನೇ ತಂದು, ಎಷ್ಟೋ ಕಡೆ ಅದರ ಅರ್ಥ ಬಿಟ್ಟು ಬರೀ ಉಚ್ಚಾರ ಇಟ್ಟುಕೊಂಡು ತಮ್ಮ ಹಾಡು ಬರೆದರು. ಅದರಲ್ಲಿ ಹೆಚ್ಚಿನವು 5-7-5-7-7 ಉಚ್ಚಾರಗಳ ಅಳತೆಯ ಪುಟ್ಟ ಪದ್ಯಗಳು. ಇದಕ್ಕೆ ವಾಕಾ ಅಂತಲೂ ತಂಕಾ ಅಂತಲೂ ಹೆಸರು. 905ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಕೊಕಿನ್‌ಶೂ ಎಂಬ ಸಂಗ್ರಹಕ್ಕೆ ಕೈಹಾಕಿದರು. ಅದಕ್ಕೆ ಜಪಾನಿಯಲ್ಲೇ ಮುನ್ನುಡಿ ಬರೆದ ಕಿ ನೊ ತ್ಸುರಯುಕಿ, ಕವಿತೆಗೆ ಮನುಷ್ಯನ ಮನಸ್ಸೇ ಬೀಜ, ಮಾತುಗಳೆಲ್ಲ ಅದರ ಎಲೆ ಅಂದ. ನೀರೊಳಗಿನ ಕಪ್ಪೆಯ ದನಿ ಕೇಳಿದರೆ ಹಾಡದ ಜೀವ ಯಾವುದಿದೆ ಅಂತಲೂ ಕೇಳಿದ. ಈ ಕಪ್ಪೆಯನ್ನು ನೆನಪಿಟ್ಟುಕೊಳ್ಳಿ.

ಆಸ್ಥಾನದಲ್ಲಿ ವಾಕಾ ಅಂದರೆ ದಿನದ ಮಾತುಕತೆ ಇದ್ದ ಹಾಗೆ. ಪ್ರೀತಿ, ಕೋಪ, ಕ್ಷಮಾಪಣೆ, ಎಲ್ಲಕ್ಕೂ ಪದ್ಯ ಕಳಿಸಬೇಕು, ಬಂದ ಪದ್ಯಕ್ಕೆ ಉತ್ತರವನ್ನೂ ಪದ್ಯದಲ್ಲೇ ಕೊಡಬೇಕು. 11ನೇ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಬರೆದ ಗೆಂಜಿಯ ಕಥೆಯಲ್ಲಿ ಇಂಥ ಸುಮಾರು 800 ಪದ್ಯಗಳಿವೆ.

ಹೀಗೆ ಒಬ್ಬರು ಹೇಳುವುದು, ಇನ್ನೊಬ್ಬರು ಮುಂದುವರಿಸುವುದು ರೂಢಿಯಾದಮೇಲೆ ಪದ್ಯ ನಡುವೆ ಒಡೆಯಿತು. 5-7-5 ಒಬ್ಬರದು, 7-7 ಇನ್ನೊಬ್ಬರದು, ಮತ್ತೆ 5-7-5 ಮೂರನೆಯವರದು. ಇದೇ ರೆಂಗಾ, ಸರಪಳಿ ಪದ್ಯ. ಸಾಮಾನ್ಯವಾಗಿ 100 ಕೊಂಡಿ. ಇದರ ಮಜಾ ಇರುವುದು ಒಂದು ನಿಯಮದಲ್ಲಿ: ಪ್ರತಿ ಕೊಂಡಿಯೂ ಹಿಂದಿನದಕ್ಕೆ ಕೂಡಬೇಕು, ಆದರೆ ಅದರ ಹಿಂದಿನದರಿಂದ ದೂರ ಸರಿಯಬೇಕು. 1488ರಲ್ಲಿ ಸೋಗಿ ಎಂಬ ಹಿರಿಯ ಕವಿ ಇಬ್ಬರು ಶಿಷ್ಯರ ಜೊತೆ ಕಟ್ಟಿದ ರೆಂಗಾ ತುಂಬಾ ಹೆಸರಾದದ್ದು. ಅವನು, ಹಿಮ ಇನ್ನೂ ಉಳಿದಿದೆ, ಬೆಟ್ಟದ ಬುಡದಲ್ಲಿ ಮಂಜು, ಸಂಜೆ ಅಂತ ಶುರು ಮಾಡಿದ. ಶೋಹಾಕು, ದೂರ ಹರಿವ ನೀರು, ಹೂವಿನ ಕಂಪಿನ ಹಳ್ಳಿ ಅಂದ. ಸೋಚೋ ಅದಕ್ಕೆ, ಹೊಳೆಗಾಳಿಗೆ ಒಂದು ಗುಂಪು ಮರ, ವಸಂತ ಕಂಡಿತು ಅಂತ ಸೇರಿಸಿದ. ನೋಡಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಸಂಜೆಯ ಬೆಟ್ಟ ಕಣ್ಮರೆಯಾಗಿದೆ. ಕಥೆ ಬೆಳೆಯುವುದಿಲ್ಲ, ನೋಟ ಮಾತ್ರ ಜಾರುತ್ತಾ ಹೋಗುತ್ತದೆ.

ಈ ಸರಪಳಿಯ ಮೊದಲ ಕೊಂಡಿಗೆ ಹೊಕ್ಕು ಅಂತ ಹೆಸರು. ನಮ್ಮ 'ಒಳಹೊಕ್ಕು' ಅನ್ನುವಾಗಿನ ಹೊಕ್ಕು ಅಲ್ಲ, ಆದರೂ ಕೆಲಸ ಸುಮಾರು ಅದೇ, ಕೂಟದೊಳಕ್ಕೆ ಹೋಗುವ ಬಾಗಿಲು. ಅದನ್ನು ಬಂದ ಅತಿಥಿ ಹೇಳುವುದು ಮರ್ಯಾದೆ. ಈಗ ಯಾವ ಋತು ಅಂತ ಅದರಲ್ಲಿ ಗೊತ್ತಾಗಬೇಕು, ಯಾಕೆಂದರೆ ಕೂತವರೆಲ್ಲ ಅದೇ ದಿನದ ಅದೇ ಹವೆಯಲ್ಲಿದ್ದಾರೆ. ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಕೂಡ. ಹೈಕುವಿನ ನಿಯಮ ಅಂತ ಈಗ ನಾವು ಕಲಿಯುವುದೆಲ್ಲ ಅತಿಥಿ ಸತ್ಕಾರದಿಂದ ಬಂದದ್ದು!

ರೆಂಗಾ ಕಾಲ ಹೋದಂತೆ ಬಿಗಿಯಾಯಿತು. ಆಗ ಅದರ ತುಂಟ ತಮ್ಮ ಹೈಕೈ ಬಂದ. ಆಡುಮಾತು, ಪೋಲಿತನ, ಸಂತೆಯ ಸುದ್ದಿ ಎಲ್ಲಕ್ಕೂ ಜಾಗ. ವ್ಯಾಪಾರಿಗಳಿಗೆ ಇದರ ಹುಚ್ಚು ಹಿಡಿಯಿತು. 1684ರಲ್ಲಿ ಒಸಾಕಾದ ಸೈಕಾಕು ಎಂಬಾತ ಒಂದು ಹಗಲು ಒಂದು ರಾತ್ರಿಯಲ್ಲಿ 23,500 ಪದ್ಯ ಹೇಳಿದನಂತೆ. ಬರೆದುಕೊಳ್ಳುವವರ ಕೈ ಸೋತಿರಬೇಕು ಪಾಪ.

ಬಾಶೋ (1644-1694) ಈ ಗದ್ದಲದೊಳಗಿಂದಲೇ ಬಂದವನು. ಅವನ ಜೀವನೋಪಾಯ ಹೈಕೈ ಕೂಟ ನಡೆಸುವುದು, ಶಿಷ್ಯರ ಪದ್ಯ ತಿದ್ದುವುದು. 1689ರಲ್ಲಿ ಉತ್ತರದ ಕಡೆಗೆ ಐದು ತಿಂಗಳ ಹತ್ತಿರ ನಡೆದಾಗಲೂ ಊರೂರಲ್ಲಿ ಸ್ಥಳೀಯರ ಜೊತೆ ಕೂತು ಸರಪಳಿ ಕಟ್ಟಿದ. ಹೊಕ್ಕು ಬರೆಯುವುದರಲ್ಲಿ ನನಗೆ ಸಮನಾದ ಶಿಷ್ಯರು ಬೇಕಾದಷ್ಟಿದ್ದಾರೆ, ಕೂಡಿಸಿ ಕಟ್ಟುವ ಹೈಕೈಯಲ್ಲೇ ಈ ಮುದುಕನ ಜೀವಾಳ ಇರುವುದು ಅಂತ ಅವನು ಹೇಳಿದ್ದನ್ನು ಒಬ್ಬ ಶಿಷ್ಯ ಬರೆದಿಟ್ಟಿದ್ದಾನೆ. ಈಗ ಆ ಕಪ್ಪೆಗೆ ಬನ್ನಿ. ಹಳೆಯ ಕವಿತೆಯಲ್ಲಿ ಎಲ್ಲ ಕಪ್ಪೆಗಳೂ ಹಾಡುತ್ತಿದ್ದವು. ಬಾಶೋನ ಕಪ್ಪೆ ಹಾಡಲೇ ಇಲ್ಲ, ಸುಮ್ನೆ ನೀರಿಗೆ ಬಿತ್ತು. ಕೂಟದಲ್ಲಿದ್ದವರಿಗೆ ಇದು ತಕ್ಷಣ ಹೊಳೆದಿರುತ್ತದೆ. ನಮಗೆ ಕಾಣುವ ಮೌನದ ಜೊತೆಗೆ ಒಂದು ಸಣ್ಣ ನಗುವೂ ಅಲ್ಲಿತ್ತು.

ಹೊಕ್ಕುವನ್ನು ಸರಪಳಿಯಿಂದ ಕತ್ತರಿಸಿದವನು ಮಸಾಓಕಾ ಶಿಕಿ, 1867ರಲ್ಲಿ ಮತ್ಸುಯಾಮದಲ್ಲಿ ಹುಟ್ಟಿದವನು. ಬೇಸ್‌ಬಾಲ್ ಹುಚ್ಚ. 21ರ ವಯಸ್ಸಿಗೆ ಕ್ಷಯದಿಂದ ರಕ್ತ ಕಾರಿದ. ರಕ್ತ ಬರುವವರೆಗೂ ಹಾಡುತ್ತದೆ ಅಂತ ಜಪಾನಿನವರು ನಂಬುವ ಕೋಗಿಲೆ ಜಾತಿಯ ಹಕ್ಕಿಯ ಹೆಸರನ್ನೇ ಆಮೇಲೆ ಇಟ್ಟುಕೊಂಡ. ಶಿಕಿ ಅಂದರೆ ಅದೇ. ಹೊಕ್ಕು ಸಾಹಿತ್ಯ, ಸರಪಳಿ ಪದ್ಯ ಸಾಹಿತ್ಯವಲ್ಲ ಅಂತ 1890ರ ದಶಕದಲ್ಲಿ ಬರೆದೇಬಿಟ್ಟ. ಪಶ್ಚಿಮದ ಪುಸ್ತಕಗಳು ಜಪಾನಿಗೆ ನುಗ್ಗುತ್ತಿದ್ದ ಕಾಲ ಅದು. ಸಾಹಿತ್ಯ ಅಂದರೆ ಒಬ್ಬ ಬರಹಗಾರ, ಒಂದು ಭಾವ, ಒಂದು ಇಡಿಯಾದ ಕೃತಿ ಅನ್ನುವ ಎಣಿಕೆ ಅವನ ತಲೆಮಾರಿನ ತಲೆಯಲ್ಲಿ ಕೂತಿತ್ತು, ಆ ಅಳತೆಗೆ ನಾಲ್ಕು ಜನ ಸೇರಿ ಕಟ್ಟಿದ ಸರಪಳಿ ಹೇಗೂ ಸಿಗುವುದಿಲ್ಲ. ಬಿಡಿಯಾದ ಪದ್ಯಕ್ಕೆ ಹೈಕು ಅನ್ನುವ ಹೆಸರನ್ನು ನೆಲೆ ನಿಲ್ಲಿಸಿದವನೂ ಅವನೇ. ತ್ಸುರಯುಕಿ ಕೆಟ್ಟ ಕವಿ, ಕೊಕಿನ್‌ಶೂ ಕೆಲಸಕ್ಕೆ ಬಾರದ್ದು ಅಂತಲೂ 1898ರಲ್ಲಿ ಬೈದ. ಇದು ಜಾಸ್ತಿಯಾಯಿತು ಅನಿಸುತ್ತದೆ ನನಗೆ. ಆದರೆ ಬುಸೋನ್ ಎಂಬ ಚಿತ್ರಕಾರ ಕವಿಯನ್ನು ದೊಡ್ಡವನನ್ನಾಗಿ ಕಾಣಿಸಿದ್ದು ಇದೇ ಕಣ್ಣು. ಶಿಕಿ 1902ರಲ್ಲಿ, 34ರ ವಯಸ್ಸಲ್ಲಿ ಹಾಸಿಗೆಯಲ್ಲೇ ತೀರಿಕೊಂಡ.

ಇಲ್ಲೊಂದು ಮಾತು. ಕನ್ನಡದಲ್ಲಿ ಹೈಕು ಬರೆಯುವವರು 17 ಅಕ್ಷರ ಎಣಿಸುತ್ತಾರಲ್ವಾ? ಜಪಾನಿನವರು ಎಣಿಸುವುದು ನಮ್ಮ ಮಾತ್ರೆಗೆ ಹತ್ತಿರವಾದದ್ದನ್ನು. 'ನಿಪ್ಪೊನ್' ಅನ್ನುವುದು ಅವರಿಗೆ ನಾಲ್ಕು. ನಾವು ಪ್ರಸ್ತಾರ ಹಾಕಿದರೂ ಎರಡು ಗುರು, ನಾಲ್ಕೇ ಮಾತ್ರೆ. 'ಹೈಕು' ಅವರಿಗೂ ಮೂರು, ನಮಗೂ ಮೂರು. ಷಟ್ಪದಿಗೆ ಪಳಗಿದ ಕಿವಿಗೆ ಇದು ಕಷ್ಟವೇ ಅಲ್ಲ. ಮೂರು ಸಾಲಂತೂ ಅನುವಾದಕರ ಅಭ್ಯಾಸ. ಅಲ್ಲಿ ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಒಂದೇ ಸಾಲು.

ಶಿಕಿ ಕತ್ತರಿಸಿದ್ದು ಪೂರ್ತಿ ತುಂಡಾಯಿತೇ? 1946ರಲ್ಲಿ ಕುವಬಾರ ತಕೇಓ ಎಂಬ ವಿಮರ್ಶಕ ದೊಡ್ಡ ಕವಿಗಳ ಮತ್ತು ಹವ್ಯಾಸಿಗಳ ಹೈಕುಗಳನ್ನು ಹೆಸರು ತೆಗೆದು ಬೆರೆಸಿದ. ಯಾವುದು ಯಾರದು ಅಂತ ಹೇಳಲಾಗದಿದ್ದರೆ ಇದು ಎರಡನೇ ದರ್ಜೆಯ ಕಲೆ ಅಂದ. ದೊಡ್ಡ ಜಗಳವೇ ಆಯಿತು. ತಮಾಷೆ ಅಂದರೆ, ಹೈಕು ಬರೆಯುವವರು ಕುಕಾಯ್ ಎಂಬ ತಮ್ಮ ಕೂಟಗಳಲ್ಲಿ ಬೇಕಂತಲೇ ಮಾಡುವುದು ಅದನ್ನೇ. ಈಗಲೂ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಪದ್ಯ ಬರೆದುಕೊಡುತ್ತಾರೆ. ಬೆರೆಸಿ ಹಂಚಿದ್ದನ್ನು ಓದಿ ತಮಗೆ ಹಿಡಿಸಿದ್ದನ್ನು ಆರಿಸುತ್ತಾರೆ. ಆರಿಸಿದ ಪದ್ಯವನ್ನು ಗಟ್ಟಿಯಾಗಿ ಓದಿದ ಮೇಲೆ ಬರೆದವರು, ಕೂತಲ್ಲಿಂದಲೇ, ತಮ್ಮ ಹೆಸರು ಹೇಳುತ್ತಾರೆ.