ಒಂದೇ ಮೈ, ಮೂರು ಲೆಕ್ಕ

"ಜಿಮ್ಮಿನ ಮೆಷಿನ್‌ನಲ್ಲಿ ಕೊಬ್ಬು 26 ಪರ್ಸೆಂಟ್ ಇತ್ತು ಮೇಡಂ, ಈಗ ಡೆಕ್ಸಾದಲ್ಲಿ 33 ಬಂದಿದೆ. ಎರಡೇ ತಿಂಗಳಲ್ಲಿ ಇಷ್ಟು ಜಾಸ್ತಿ ಆಗೋದಾ?" ಇಂಥ ಮಾತು ಪದೇ ಪದೇ ಕೇಳುತ್ತೇನೆ. (ಡೆಕ್ಸಾ ಅಂದರೆ ಸಣ್ಣ ಪ್ರಮಾಣದ ಎಕ್ಸ್‌ರೇ ಬಳಸಿ ಮೂಳೆ, ಕೊಬ್ಬು ಅಳೆಯುವ ಸ್ಕ್ಯಾನ್.) ಹೀಗೆ ಬಂದ ಒಬ್ಬರು ಗಾಬರಿಗೆ ರಾತ್ರಿ ಊಟವನ್ನೇ ಬಿಟ್ಟಿದ್ದರು. ನೋಡಿದರೆ ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊಬ್ಬು ಏರಿರಲಿಲ್ಲ, ಮೆಷಿನ್ ಬದಲಾಗಿತ್ತು. ಪಾಪ, ಅಷ್ಟಕ್ಕೇ ಉಪವಾಸ.

ಬದುಕಿರುವವರ ಕೊಬ್ಬನ್ನು ತೆಗೆದು ತಕ್ಕಡಿಯಲ್ಲಿಟ್ಟು ತೂಗಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಎಲ್ಲ ವಿಧಾನಗಳೂ ಬೇರೇನನ್ನೋ ಅಳೆದು, ಅದರಿಂದ ಕೊಬ್ಬನ್ನು ಅಂದಾಜು ಮಾಡುತ್ತವೆ.

ಕೊಬ್ಬಿನ ಲೆಕ್ಕವನ್ನೂ ತೋರಿಸುವ ಮನೆಯ ತೂಕದ ಮೆಷಿನ್ನನ್ನೇ ನೋಡಿ. ಒಂದು ಪಾದದಿಂದ ತೀರಾ ಸಣ್ಣ ಕರೆಂಟು ಹತ್ತಿ ಇನ್ನೊಂದು ಪಾದದಲ್ಲಿ ಇಳಿಯುತ್ತದೆ. ನೀರು ತುಂಬಿದ ಸ್ನಾಯುವಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಮೆಷಿನ್ ಅಳೆಯುವುದು ಈ ತಡೆಯನ್ನು, ಅದೂ ಮುಖ್ಯವಾಗಿ ಕಾಲುಗಳದ್ದು. ಮಿಕ್ಕಿದ್ದನ್ನು ನಿಮ್ಮ ವಯಸ್ಸು, ಎತ್ತರ, ತೂಕ ಸೇರಿಸಿ ಸೂತ್ರ ಹೇಳುತ್ತದೆ. ನಂಬದವರಿಗೆ ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಆ್ಯಪ್‌ನಲ್ಲಿ 52 ಇರುವ ವಯಸ್ಸನ್ನು 32 ಮಾಡಿ ಮತ್ತೆ ಹತ್ತಿ. 'ಅಥ್ಲೀಟ್' ಅನ್ನುವ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಹೆಚ್ಚಿನ ಮೆಷಿನ್‌ಗಳಲ್ಲಿ ನಿಂತಲ್ಲೇ ಕೊಬ್ಬು ಇಳಿದುಬಿಡುತ್ತದೆ!

ಕ್ಯಾಲಿಪರ್‌ನಿಂದ ಚರ್ಮ ಚಿವುಟಿ ಅಳೆಯುವುದರಲ್ಲೂ ಸೂತ್ರವೇ. ಇವತ್ತಿಗೂ ಚಾಲ್ತಿಯಲ್ಲಿರುವ 1974ರ ಒಂದು ಸೂತ್ರ ಸ್ಕಾಟ್ಲೆಂಡಿನ ಜನರನ್ನು ಅಳೆದು ಮಾಡಿದ್ದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಒಂದೇ ಇದ್ದರೂ ಯುರೋಪಿನವರಿಗಿಂತ ನಮ್ಮವರಲ್ಲಿ ಸಾಮಾನ್ಯವಾಗಿ ಕೊಬ್ಬು ಜಾಸ್ತಿ, ಹಾಗಾಗಿ ಆ ಸೂತ್ರ ನಮಗೆ ಸರಿಹೊಂದದೇ ಇರಬಹುದು. ಹೊಟ್ಟೆಯೊಳಗೆ ಕೂತ ಕೊಬ್ಬು ಚಿವುಟಿದರೆ ಕೈಗೆ ಸಿಗುವುದೂ ಇಲ್ಲ.

ನಮಗೆ ಸಿಗುವ ವಿಧಾನಗಳಲ್ಲಿ ಡೆಕ್ಸಾವನ್ನು ನಾನು ಹೆಚ್ಚು ನಂಬುತ್ತೇನೆ. ಆದರೂ ಎರಡು ಕಂಪನಿಗಳ ಡೆಕ್ಸಾ ಮೆಷಿನ್‌ಗಳು ಒಬ್ಬರಿಗೇ ಬೇರೆ ಬೇರೆ ಅಂಕಿ ಕೊಡಬಹುದು. ಇನ್ನೊಂದು ವಿಷಯ. ಮೂಳೆ ಸವೆತಕ್ಕೆ ಬರೆದುಕೊಡುವ ಡೆಕ್ಸಾದಲ್ಲಿ ಸಾಮಾನ್ಯವಾಗಿ ಬೆನ್ನುಮೂಳೆ, ಸೊಂಟ ಮಾತ್ರ ನೋಡುತ್ತಾರೆ. ಕೊಬ್ಬಿನ ಲೆಕ್ಕ ಬೇಕಿದ್ದರೆ ಇಡೀ ಮೈಯ ಸ್ಕ್ಯಾನ್ ಅಂತ ಕೇಳಿ ಮಾಡಿಸಬೇಕು.

ಅದಕ್ಕೇ ಹೇಳುವುದು, ಜಿಮ್ಮಿನ ಅಂಕಿಯಿಂದ ಡೆಕ್ಸಾದ ಅಂಕಿ ಕಳೆಯಬೇಡಿ. ಮನೆಯ ಮೆಷಿನ್ ಮೂರು ನಾಲ್ಕು ಪರ್ಸೆಂಟ್ ತಪ್ಪು ಹೇಳಿದರೂ, ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ತಪ್ಪು ಹೇಳುತ್ತಿದ್ದರೆ ನನಗೆ ಸಾಕು. ಏರಿತೋ ಇಳಿಯಿತೋ ಅನ್ನುವುದು ಗೊತ್ತಾಗುತ್ತದೆ. ಅದೇ ಮೆಷಿನ್, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮುಂಚೆ. ಬೆವರು ಸುರಿಸಿಕೊಂಡು ವಾಕಿಂಗ್‌ನಿಂದ ಬಂದು ಹತ್ತಬೇಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ಮೈಯಲ್ಲಿ ನೀರು ನಿಲ್ಲುತ್ತದೆ, ಆಗಿನ ಅಂಕಿಗೂ ತಲೆ ಕೆಡಿಸಿಕೊಳ್ಳಬೇಡಿ. ಒಂದು ಪರ್ಸೆಂಟ್ ಆಚೀಚೆ ಆದರೆ ನನಗೆ ವಾಟ್ಸಾಪ್ ಮಾಡಬೇಡಿ, ಎರಡು ಮೂರು ತಿಂಗಳ ಅಂಕಿಗಳನ್ನು ಒಟ್ಟಿಗೆ ತನ್ನಿ.

ಜೊತೆಗೆ ಒಂದು ಟೇಪು ಇಟ್ಟುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ನೋಡಿ, ಹೊಟ್ಟೆ ಒಳಗೆಳೆಯದೆ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ತಲುಪಿದರೆ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು. ಕಾಲು ಊದಿಕೊಳ್ಳುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಕರೆಂಟಿನ ಮೆಷಿನ್ ಹೇಳುವ ಲೆಕ್ಕ ನೆಚ್ಚುವಂಥದ್ದಲ್ಲ. ಪೇಸ್‌ಮೇಕರ್ ಇರುವವರು ಅದನ್ನು ಹತ್ತಲೇಬಾರದು.